ಐದರಲ್ಲೊಂದು

ಒಂದನೇ ತಾರೀಕು ಫೋನು ಒಮ್ಮೆ ನಡುಗಿ ಸುಮ್ಮನಾಯಿತು.
ನಲವತ್ತೆರಡೂವರೆ ಸಾವಿರ ಬರಬೇಕಿದ್ದಲ್ಲಿ
ಮೂವತ್ತನಾಲ್ಕು.
ಕನ್ನಡಕ ಒರೆಸಿ ಮತ್ತೆ ನೋಡಿದೆ.
ಕನ್ನಡಕದ್ದೇನೂ ತಪ್ಪಿರಲಿಲ್ಲ.

ಮಂಜೇಶ್ವರದ ಸಬ್‌ಟ್ರೆಜರಿಯಲ್ಲಿ ಆವತ್ತು
ಬೆಂಚಿನ ತುಂಬ ನನ್ನಂಥವರೇ:
ಪೋಲೀಸು ಕುಂಞಂಬು, ನರ್ಸ್ ಫ್ಲಾವಿಯಾಬಾಯಿ,
ಕೈಯಲ್ಲಿ ಪಾಸ್‌ಬುಕ್ಕು, ಬಾಯಲ್ಲಿ ಶುಗರು ಬಿಪಿ.
ಬೋರ್ಡಿನ ಮೇಲೆ ಮಲಯಾಳದಲ್ಲೊಂದು ಸುತ್ತೋಲೆ.
ಮೂವತ್ತೊಂದು ವರ್ಷ ಸರ್ಕಾರದ ಅನ್ನ ಉಂಡರೂ
ಆ ದುಂಡು ಅಕ್ಷರ ನನಗಿನ್ನೂ
ಗುರುತಿನವರ ಮನೆಯ ಹಿಂಬಾಗಿಲು.
ಫ್ಲಾವಿಯಾಬಾಯಿ ಓದಿ ಹೇಳಿದರು:
ಪ್ಯಾನೂ ಆಧಾರೂ ಒಂದಾಗದವರಿಗೆ
ಇನ್ನು ಮುಂದೆ ನೂರಕ್ಕೆ ಇಪ್ಪತ್ತು, ಮೂಲದಲ್ಲೇ.

ಕಿಟಕಿಯ ಹುಡುಗ ಒಳ್ಳೆಯವನು,
ಪರದೆಯನ್ನು ನನ್ನ ಕಡೆ ತಿರುಗಿಸಿದ.
“ಪೇರ್ ಶರಿಯಲ್ಲ, ಸರ್.”
ಆಧಾರಿನಲ್ಲಿ ಚನಿಯಪ್ಪ.
ಪ್ಯಾನಿನಲ್ಲಿ ಶನಿಯಪ್ಪ.

ಶನಿವಾರ ಹುಟ್ಟಿದವನು; ಅಪ್ಪೆ ಚನಿಯ ಅಂದಳು.
ಅವಳಿಗೆ ವಾರ ಗೊತ್ತಿತ್ತು, ತಾರೀಕು ಗೊತ್ತಿರಲಿಲ್ಲ.
ಶಾಲೆಯ ಮಾಸ್ತರರು ಬಾಲಕ್ಕೊಂದು ಅಪ್ಪ ಕಟ್ಟಿದರು.
ಪ್ಯಾನಿನ ಅರ್ಜಿ ತುಂಬಿದ ಏಜೆಂಟನಿಗೆ
ನನ್ನ ಹೆಸರೇ ಕಾಗುಣಿತದ ತಪ್ಪಾಗಿ ಕಂಡಿರಬೇಕು.
ತಿದ್ದಿದ. ಅದಕ್ಕೆ ಬೇರೆ ಚಾರ್ಜು ಕೇಳಲಿಲ್ಲ.
ಕುಂಞಂಬು ನಕ್ಕ: “ಊರಿಗೆಲ್ಲ ಶನಿ ಏಳೂವರೆ ವರ್ಷ ಹಿಡಿದರೆ
ನಿನಗೆ ಎಂಟೂವರೆ ಸಾವಿರ ಹಿಡಿಯಿತು ಮಾರಾಯ.”

“ನನಗೆ ತೆರಿಗೆಯೇ ಬೀಳುವುದಿಲ್ಲವಲ್ಲ” ಎಂದೆ.
“ಬೀಳುವುದಿಲ್ಲ” ಎಂದು ಹುಡುಗ ಒಪ್ಪಿದ.
“ಹೆಸರು ಸರಿ ಮಾಡಿಸಿ, ರಿಟರ್ನ್ ಹಾಕಿ.
ಅರ್ಜಿ ಕೊಡಿ, ವಾಪಸು ಬರುತ್ತದೆ.”

ಗಿರಿಜೆಗೆ ಹೇಳಲಿಲ್ಲ.
ಉಪ್ಪಳದಲ್ಲಿ ಇಳಿದು ಅಂಜಲ್ ಬಿಟ್ಟು ಬೂತಾಯಿ ತಂದೆ.
ಎರಡನೇ ವಾರವೂ ಬೂತಾಯಿ.
ಮೂರನೇ ವಾರ ಚೀಲಕ್ಕೆ ಕೈ ಹಾಕಿದವಳು
“ನಿಮ್ಮ ಪೆನ್ಶನ್ನಿಗೆ ಮುಳ್ಳು ಜಾಸ್ತಿಯಾದ ಹಾಗಿದೆ” ಅಂದಳು.
ಆಮೇಲೆ ಇನ್ಸುಲಿನ್ ಪೆಟ್ಟಿಗೆಯ ಬೆಲೆ ಓದಿ
ಫ್ರಿಜ್ಜಿನ ಬಾಗಿಲು ಮುಚ್ಚಿದಳು, ಮೆಲ್ಲಗೆ.

ರಾತ್ರಿ ನಿದ್ದೆ ಬರಲಿಲ್ಲ. ಹಣಕ್ಕಲ್ಲ,
ಆ ಹುಡುಗನ ಮಾತಿಗೆ.
ಅದು ನನ್ನದೇ ಮಾತು.

ತೊಂಬತ್ತೊಂದರಲ್ಲಿ, ಪೈವಳಿಕೆಯಲ್ಲಿ,
ಉಮ್ಮಾಲಿಯ ಎಂಟು ಸೆಂಟು ಅಳೆಯಲು ಹೋಗಿದ್ದೆ, ಸರ್ವೇಯರ್ ಸಾಹೇಬ.
ಬಿಸಿಲು, ಬಸ್ಸಿನ ಹೊತ್ತು, ಇಳಿಜಾರಿನಲ್ಲಿ ಜೋತ ಸರಪಳಿ.
ಗಡಿಕಲ್ಲು ನಾಲ್ಕಡಿ ಒಳಗೆ ಕೂತಿತು.
ಅವಳು ಬರಿಗಾಲಲ್ಲಿ ಹೆಜ್ಜೆ ಹಾಕಿ ತೋರಿಸಿದಳು:
ಇಲ್ಲಿ, ಈ ನುಗ್ಗೆಮರದ ಆಚೆ.
ನಾನು ನಕ್ಷೆ ಮಡಚುತ್ತ ಹೇಳಿದೆ:
“ಅರ್ಜಿ ಕೊಡಿ, ವಾಪಸು ಬರುತ್ತದೆ.”
ಕೊಟ್ಟಳು. ಮೂರು ಸಲ ಕೊಟ್ಟಳು.
ಮೂರನೆಯದನ್ನು ಫೈಲಿಗೆ ಸೇರಿಸಿ
ಕೆಂಪು ದಾರ ಬಿಗಿದವನು ನಾನೇ.

ಅಕ್ಷಯ ಕೇಂದ್ರದ ಹುಡುಗಿಗೆ ಇಪ್ಪತ್ತಿರಬಹುದು.
ಯಂತ್ರದ ಮೇಲೆ ಹೆಬ್ಬೆರಳಿಟ್ಟೆ, ಹಿಡಿಯಲಿಲ್ಲ.
ಸರಪಳಿ ಎಳೆದೆಳೆದು ಗೆರೆ ಸವೆದಿದೆ ಮಗಳೇ ಎಂದೆ.
ಒದ್ದೆ ಬಟ್ಟೆ ಕೊಟ್ಟಳು. ನಾಲ್ಕನೇ ಸಲಕ್ಕೆ ಹಿಡಿಯಿತು.
“ಕಾಗದ ಇರಲಿ ಅಜ್ಜ, ಬಾಯಲ್ಲಿ ಹೇಳಿ.
ಮನೆಯಲ್ಲಿ ಹೇಗೆ ಕರೆಯುತ್ತಿದ್ದರು?”
ಅರವತ್ತೊಂಬತ್ತು ವರ್ಷದಲ್ಲಿ
ಒಂದು ಮೇಜು ನನ್ನನ್ನು ಹೀಗೆ ಕೇಳಿದ್ದು ಇದೇ ಮೊದಲು.
ಚ, ಅಂದೆ. ಚಹದ ಚ.
ಚನಿಯ.
ಆಮೇಲೆ ಬೇಕಿದ್ದರೆ ಅಪ್ಪ.

ರಸೀದಿ ಕಿಸೆಗೆ ಹಾಕಿ ಹೊರಗೆ ಬಂದರೆ
ಪೈವಳಿಕೆಯ ಬಸ್ಸು ನಿಂತಿತ್ತು.
ಅದು ನನ್ನ ಮನೆಯ ದಾರಿಯಲ್ಲ.
ಉಮ್ಮಾಲಿ ಇದ್ದಾಳೋ ಇಲ್ಲವೋ, ನುಗ್ಗೆ ಈಗ ಯಾರದೋ.
ಟೇಪು ಕೂಡ ತಂದಿರಲಿಲ್ಲ. ಹತ್ತಿದೆ.
ನೂರರ ನೋಟು ಕೊಟ್ಟೆ. ಚಿಲ್ಲರೆ ಇಲ್ಲವೆಂದು ಕಂಡಕ್ಟರ
ಟಿಕೆಟಿನ ಬೆನ್ನಿಗೆ ಬಾಕಿ ಬರೆದು
“ಇಳಿಯುವಾಗ ನೆನಪು ಮಾಡಿ” ಎಂದ.